ಪ್ರತಿಕ್ರಿಯೆ: ‘ಸೆಟ್’ ಬಾಯಿಪಾಠ ಬೇಡ, ನಮ್ಮ ‘ಹಚ್ಚು’ ನೋಡಿ

ಅಕ್ಕಾವ್ರೇ, ಜಮಖಂಡಿಯಲ್ಲಿ ಏಳನೇ ಕ್ಲಾಸ್ ಓದುವ ನಿಮ್ಮ ಮಗನಿಗೆ ಇಂಗ್ಲಿಷಿನ ‘ಸೆಟ್’ ಪದದ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. 1989ರ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನಲ್ಲಿ ಈ ಕ್ರಿಯಾಪದ ಒಂದಕ್ಕೇ 400ಕ್ಕೂ ಜಾಸ್ತಿ ಅರ್ಥಗಳಿವೆ.

ನಮ್ಮ ‘ಹಚ್ಚು’ ನೋಡಿ. ಇಲ್ಲಿ ವಿಜಯಪುರದ ನಮ್ಮ ಮನೆಯಲ್ಲಿ ಅವ್ವ ಸಂಜೆ ದೀಪ ಹಚ್ಚುತ್ತಾಳೆ. ಮೊಮ್ಮಗಳ ತಲೆಗೆ ಎಣ್ಣೆ ಹಚ್ಚುತ್ತಾಳೆ. ಹಚ್ಚುತ್ತಲೇ ‘ಮಾಮಾಗ ಫೋನ್ ಹಚ್ಚವಾ’ ಅನ್ನುತ್ತಾಳೆ. ಆ ಹುಡುಗಿಯನ್ನು ಸಾಲಿಗೆ (ಶಾಲೆಗೆ) ಹಚ್ಚಿದ್ದೂ ಅವಳೇ. ಇದನ್ನೆಲ್ಲ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ, ಅಲ್ವಾ? ಜೊತೆಗಿರುವ ಪದವೇ ಅರ್ಥ ಹೇಳಿಬಿಡುತ್ತದೆ.

‘ಸೆಟ್’ಗೂ ‘ಸಿಟ್’ಗೂ ಬಳಗ ಒಂದೇ. ನಮ್ಮ ಕೂಡು (ಕೂತುಕೋ), ಕೂಡಿಸು (ಕೂರಿಸು) ಇದ್ದ ಹಾಗೆ. ‘ಸೆಟ್ ಎ ಬೋನ್’ ಅಂದ್ರೆ ಮುರಿದ ಎಲುಬು ಕೂಡಿಸುವುದು. ಅಲಾರಂ ಸೆಟ್ ಮಾಡುವುದು ಅಂದ್ರೆ ಅದನ್ನು ಒಂದು ಹೊತ್ತಿಗೆ ಕೂಡಿಸುವುದು. ಸೂರ್ಯ ‘ಸೆಟ್’ ಆದ ಅಂದ್ರೆ ಕೆಳಗೆ ಹೋಗಿ ಕೂತ. ಡಬ್ಬಿಗಳ ಸೆಟ್ ಅನ್ನುತ್ತೇವಲ್ಲ, ಆ ಗುಂಪಿನ ಅರ್ಥದ ಬೇರು ಮಾತ್ರ ಬೇರೆ. ಅದು ಹಳೆಯ ಫ್ರೆಂಚಿನಿಂದ ಬಂದದ್ದು.

ದಿನಕ್ಕೆ ಒಂದೇ ವಾಕ್ಯ ಕೊಡಿ. ಅಲ್ಲಿ ನಮ್ಮ ಯಾವ ಪದ ಕೂಡುತ್ತದೆ ಅಂತ ಅವನನ್ನೇ ಕೇಳಿ.