ಪಂಪ್ ಓಡುತ್ತಿದೆ, ಔಷಧ ಹೋಗುತ್ತಿದೆಯೆ?

ಪ್ರಶ್ನೆ: ನವಜಾತ ಶಿಶುವೊಂದಕ್ಕೆ 50 ಮಿ.ಲೀ. ಸಿರಿಂಜಿನಲ್ಲಿ ರಕ್ತದೊತ್ತಡ ಏರಿಸುವ ಡೋಪಮೈನ್ ತುಂಬಿ, ಅದನ್ನು ಮೋಟಾರಿನಿಂದ ನಿಧಾನವಾಗಿ ಒತ್ತುವ ಸಿರಿಂಜ್ ಪಂಪನ್ನು ಗಂಟೆಗೆ 0.5 ಮಿ.ಲೀ.ಗೆ ಇಟ್ಟೆವು. ಅರ್ಧ ಗಂಟೆಯಾದರೂ ರಕ್ತದೊತ್ತಡ ಏರಲಿಲ್ಲ. ಪಂಪ್ ಕೆಟ್ಟಿದೆಯೆ?

ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಬೈಗುಳ ಪಂಪಿಗೇ ಬೀಳುತ್ತದೆ. ಆ ಸಿರಿಂಜಿನ ಒಳವ್ಯಾಸವನ್ನು 28 ಮಿ.ಮೀ. ಎಂದು ಹಿಡಿದರೆ, ನೀವು ಇಟ್ಟ ವೇಗಕ್ಕೆ ಪ್ಲಂಜರ್ (ಸಿರಿಂಜಿನೊಳಗೆ ಔಷಧವನ್ನು ಒತ್ತುವ ದಂಡ) ಗಂಟೆಗೆ ಸುಮಾರು 0.8 ಮಿ.ಮೀ. ಮಾತ್ರ ಸರಿಯುತ್ತದೆ. ಪ್ಲಂಜರಿಗೂ ಪಂಪಿನ ತಳ್ಳುಗೈಗೂ ನಡುವೆ ಅರ್ಧ ಮಿಲಿಮೀಟರ್ ಸಡಿಲವಿದ್ದರೂ ಅದು ತುಂಬಲೇ ಅರ್ಧ ಗಂಟೆಗೂ ಹೆಚ್ಚು ಬೇಕು. ಅದಾದ ಮೇಲೂ ರಬ್ಬರು ಗೋಡೆಗೆ ಅಂಟಿಕೊಂಡು ನಿಂತು ನಿಂತು ಜಾರುತ್ತದೆ. ಪರದೆ ತೋರಿಸುವುದು ಮೋಟಾರಿನ ವೇಗವನ್ನೇ ಹೊರತು ಮಗುವಿನ ರಕ್ತನಾಳಕ್ಕೆ ಸೇರಿದ ಹನಿಯನ್ನಲ್ಲ. ಆದ್ದರಿಂದ 10 ಮಿ.ಲೀ. ಸಿರಿಂಜ್ ಬಳಸಿ, ಅದರಲ್ಲಿ ಪ್ಲಂಜರ್ ಅದೇ ವೇಗಕ್ಕೆ ಸುಮಾರು ಮೂರು ಮಿಲಿಮೀಟರ್ ಸರಿಯುತ್ತದೆ. ಲೈನ್, ಅಂದರೆ ಸಿರಿಂಜಿನಿಂದ ಮಗುವಿಗೆ ಹೋಗುವ ಕೊಳವೆ, ಕಿರಿದಾಗಿರಲಿ, ಗಡುಸಾಗಿರಲಿ. ಸಿರಿಂಜನ್ನು ಪಂಪಿಗೆ ಕೂರಿಸಿ, ಮಗುವಿಗೆ ಜೋಡಿಸುವ ಮುಂಚೆ, ತುದಿಯಲ್ಲಿ ಹನಿ ಕಾಣುವವರೆಗೆ ಪಂಪಿನಿಂದಲೇ ತಳ್ಳಿಸಿ. ಜೋಡಿಸಿದ ಮೇಲೆ “ಕೈಯಲ್ಲಿ ಒಮ್ಮೆ ಒತ್ತಿಬಿಡಿ” ಎನ್ನುವ ಹಿರಿಯರ ಮಾತನ್ನು ದಯವಿಟ್ಟು ಕೇಳಬೇಡಿ, ಕಾಲು ಮಿ.ಲೀ. ಜಾಸ್ತಿ ಹೋದರೂ ಅದು ಅರ್ಧ ಗಂಟೆಯ ಡೋಸ್.

ಲೈನ್ ಕಟ್ಟಿಕೊಂಡಾಗಲೂ ಇದೇ ಲೆಕ್ಕ. ಅಲಾರಾಂ ಕೂಗುವಷ್ಟು ಒತ್ತಡ ಏರುವುದರೊಳಗೆ ಲೈನಿನಲ್ಲಿ ಅರ್ಧ ಮಿ.ಲೀ. ಕೂಡಿಟ್ಟಿದ್ದರೆ, ಮಗು ಒಂದು ಗಂಟೆ ಔಷಧವಿಲ್ಲದೆ ಉಳಿದಿರುತ್ತದೆ. ನೀವು ಅವಸರದಲ್ಲಿ ತ್ರೀವೇ (ಲೈನಿನ ಮೂರು ದಾರಿಯ ನಲ್ಲಿ) ತಿರುಗಿಸಿದರೆ ಆ ಗಂಟೆಯದೆಲ್ಲ ಒಮ್ಮೆಲೇ ನುಗ್ಗುತ್ತದೆ. ಮಗುವಿನ ಕಡೆ ಮುಚ್ಚಿ, ಒತ್ತಡವನ್ನು ಹೊರಗೆ ಬಿಟ್ಟು, ಆಮೇಲೆ ತೆರೆಯಿರಿ. ಚಾಲನೆಯಲ್ಲಿರುವ ಪಂಪನ್ನು ಮೇಲೆತ್ತಿ ಕಂಬಕ್ಕೆ ತಗುಲಿಸುವ ಅಭ್ಯಾಸವನ್ನೂ ಬಿಡಿ, ಏಕೆಂದರೆ ಎತ್ತಿದಾಗ ಔಷಧ ಹೆಚ್ಚು ಹೋಗುತ್ತದೆ, ಇಳಿಸಿದಾಗ ರಕ್ತ ಹಿಂದಕ್ಕೆ ಬರುತ್ತದೆ. ನಾನಂತೂ 0.5 ಮಿ.ಲೀ.ಗಿಂತ ಕಡಿಮೆ ವೇಗವನ್ನು ನಂಬುವುದಿಲ್ಲ, ದ್ರಾವಣವನ್ನು ತೆಳುಮಾಡಿ ವೇಗ ಏರಿಸುತ್ತೇನೆ. ಮಗುವಿಗೆ ಅಷ್ಟು ದ್ರವ ತಡೆಯುತ್ತದೆಯೆ ಎಂಬುದನ್ನು ಮಾತ್ರ ಮೊದಲು ನೋಡಿಕೊಳ್ಳಬೇಕು.

ಪ್ರಶ್ನೆ: ಪಂಪ್ ಇಲ್ಲದಾಗ ಮೈಕ್ರೋಡ್ರಿಪ್ ಸೆಟ್ಟಿನ (ಸಣ್ಣ ಹನಿ ಬೀಳಿಸುವ ಡ್ರಿಪ್ ಕೊಳವೆಯ) ರೋಲರನ್ನು ಬಿಗಿಮಾಡಿ ಇದೇ ವೇಗ ಕೊಡಬಹುದೆ?

ಉತ್ತರ: ಮಿ.ಲೀ.ಗೆ 60 ಹನಿ ಎಂದರೆ ಈ ವೇಗಕ್ಕೆ ಗಂಟೆಗೆ 30, ಅಂದರೆ ಎರಡು ನಿಮಿಷಕ್ಕೊಂದು ಹನಿ. ಎಣಿಸುತ್ತ ಕೂರುವವರು ಯಾರು?

ಪ್ರಶ್ನೆ: ಮನೆಗೆ ಕೊಟ್ಟ ಬಲೂನ್ ಪಂಪ್ (ಉಬ್ಬಿದ ಬಲೂನ್ ಕುಗ್ಗುತ್ತ ಔಷಧ ತಳ್ಳುವ ಪಂಪ್) ನಿಧಾನವಾಗಿದೆ. ಬಿಸಿನೀರಿನ ಚೀಲ ಇಟ್ಟರೆ ಬೇಗ ಹೋಗುತ್ತದೆ ಎನ್ನುತ್ತಾರೆ.

ಉತ್ತರ: ಹೋಗುತ್ತದೆ, ಅದೇ ಅಪಾಯ. ಅದರ ಹರಿವನ್ನು ತಡೆದಿರುವುದು ಕೂದಲಿನಂಥ ಒಂದು ನಳಿಕೆ. ದ್ರವ ಬಿಸಿಯಾದಂತೆ ತೆಳುವಾಗಿ, ಪ್ರತಿ ಡಿಗ್ರಿಗೆ ನೂರಕ್ಕೆ ಎರಡು ಮೂರರಷ್ಟು ವೇಗ ಏರುತ್ತದೆ. ಚೀಲ ತೆಗೆದು ಆಸ್ಪತ್ರೆಗೆ ಫೋನ್ ಮಾಡಿ.