ಓದುಗರ ಪ್ರಶ್ನೆ: ಹಾಲೋಸ್ ಸರಣಿಯನ್ನು ಎಲ್ಲಿಂದ ಹಿಡಿಯಬೇಕು?

ಪ್ರ: ಮಾಟ, ವ್ಯಾಂಪೈರ್‌ಗಳ ಕಥೆಯ ಇಂಗ್ಲಿಷ್ ಕಾದಂಬರಿಗಳಾದ ಕಿಮ್ ಹ್ಯಾರಿಸನ್ ಅವರ ‘ಹಾಲೋಸ್’ ಸರಣಿ ಓದಬೇಕೆಂದಿದ್ದೇನೆ. ಕಥೆಯ ಕಾಲದ ಪ್ರಕಾರ ‘ದಿ ಟರ್ನ್’ ಮೊದಲು ಬರುತ್ತದಂತೆ. ಅದರಿಂದಲೇ ಶುರು ಮಾಡಲೇ? — ದಾವಣಗೆರೆಯ ಓದುಗರು

ಉ: ಖಂಡಿತ ಬೇಡ. ‘ದಿ ಟರ್ನ್’ ಕಥೆ ನಡೆಯುವುದು 1960ರ ದಶಕದಲ್ಲಿ, ನಿಜ. ಆದರೆ ಅದು ಅಚ್ಚಾಗಿದ್ದು 2017ರಲ್ಲಿ, ಮೊದಲ ಹದಿಮೂರು ಕಾದಂಬರಿಗಳು ಮುಗಿದ ಮೇಲೆ. ಒಂದು ಶ್ರೀಮಂತ ಮನೆತನ ಯಾವ ಕುಲದ್ದು ಎಂಬುದನ್ನು ಲೇಖಕಿ ಮೊದಲ ಕಾದಂಬರಿಯಲ್ಲಿ ಜತನದಿಂದ ಮುಚ್ಚಿಟ್ಟಿದ್ದಾರೆ. ‘ದಿ ಟರ್ನ್’ ಆ ಗುಟ್ಟನ್ನು ಆರಂಭದಲ್ಲೇ ಬಿಚ್ಚಿಡುತ್ತದೆ. ಆಮೇಲೆ ಮೊದಲ ಕಾದಂಬರಿಯ ಅರ್ಧ ಸ್ವಾರಸ್ಯ ಹೋದಂತೆಯೇ.

2004ರ ‘ಡೆಡ್ ವಿಚ್ ವಾಕಿಂಗ್’ನಿಂದ ಹಿಡಿಯಿರಿ. ನಂತರ ‘ದಿ ಗುಡ್, ದಿ ಬ್ಯಾಡ್ ಅಂಡ್ ದಿ ಅನ್‌ಡೆಡ್’, ‘ಎವ್ರಿ ವಿಚ್ ವೇ ಬಟ್ ಡೆಡ್’ (ಎರಡೂ 2005), ‘ಎ ಫಿಸ್ಟ್‌ಫುಲ್ ಆಫ್ ಚಾರ್ಮ್ಸ್’ (2006), ‘ಫಾರ್ ಎ ಫ್ಯೂ ಡೀಮನ್ಸ್ ಮೋರ್’ (2007). ಹೆಸರುಗಳು ಎಲ್ಲೋ ಕೇಳಿದ ಹಾಗಿವೆಯಲ್ಲ ಅನ್ನಿಸಿದರೆ ಅದು ಸರಿಯೇ. ಎರಡನೆಯ ಪುಸ್ತಕದಿಂದ ಆಚೆಗೆ ಬಹುಪಾಲು ಶೀರ್ಷಿಕೆಗಳು ಕ್ಲಿಂಟ್ ಈಸ್ಟ್‌ವುಡ್ ಸಿನಿಮಾಗಳ ಹೆಸರನ್ನು ತಿರುಚಿ ಇಟ್ಟವು.

ಕೊಳ್ಳುವಾಗ ಒಂದು ಎಚ್ಚರ. ಆರನೆಯ ಪುಸ್ತಕಕ್ಕೆ ಎರಡು ಹೆಸರಿದೆ. ಅಮೆರಿಕದಲ್ಲಿ ‘ದಿ ಔಟ್‌ಲಾ ಡೀಮನ್ ವೇಲ್ಸ್’ ಆಗಿದ್ದು ಬ್ರಿಟಿಷ್ ಆವೃತ್ತಿಯಲ್ಲಿ ‘ವೇರ್ ಡೀಮನ್ಸ್ ಡೇರ್’. ಎರಡೂ ಒಂದೇ ಕಾದಂಬರಿ. ಹಳೆ ಪುಸ್ತಕದ ಅಂಗಡಿಯಲ್ಲಿ ಹೊಸ ಭಾಗ ಸಿಕ್ಕಿತೆಂದು ಎರಡನ್ನೂ ಕೊಂಡು ದುಡ್ಡು ಕಳೆದುಕೊಳ್ಳಬೇಡಿ.

ಕ್ರಮ ತಪ್ಪಿಸಿದರೆ ನಷ್ಟ ನಿಮಗೇ. ನಾಯಕಿ ರೇಚಲ್ ಮಾರ್ಗನ್ ಒಂದು ಪುಸ್ತಕದಲ್ಲಿ ಡೀಮನ್‌ಗೆ (ರಾಕ್ಷಸನಿಗೆ) ಬಿದ್ದ ಋಣವನ್ನು ಮುಂದಿನ ಪುಸ್ತಕಗಳಲ್ಲಿ ತೀರಿಸುತ್ತಾಳೆ, ಮೈಮೇಲಿನ ಗುರುತುಗಳ ಸಮೇತ. ನಡುವಿನಿಂದ ಓದಿದರೆ ಅವಳು ಯಾಕಿಷ್ಟು ಹೆದರುತ್ತಾಳೆ ಎನ್ನುವುದೇ ತಿಳಿಯದು.

ಹದಿಮೂರನೆಯದಾದ ‘ದಿ ವಿಚ್ ವಿತ್ ನೋ ನೇಮ್’ (2014) ಒಂದು ಪೂರ್ಣ ಮುಕ್ತಾಯ. ಅದರ ಕೊನೆಯ ಅಧ್ಯಾಯ ಎಷ್ಟೋ ವರ್ಷ ಮುಂದಕ್ಕೆ ಜಿಗಿಯುತ್ತದೆ. 2020ರ ‘ಅಮೆರಿಕನ್ ಡೀಮನ್’ ಆ ಜಿಗಿತಕ್ಕೆ ಹಿಂದಿನ ದಿನಗಳಿಂದ ಕಥೆಯನ್ನು ಮತ್ತೆ ಎತ್ತಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಓದಿದವರು ಗಲಿಬಿಲಿಗೊಳ್ಳುತ್ತಾರೆ.

ಪ್ರ: ರೇಚಲ್ ಜೊತೆ ಇರುವ ಐವಿ ವ್ಯಾಂಪೈರ್ ಅಲ್ಲವೇ? ಹಗಲು ಹೊತ್ತಿನಲ್ಲಿ ಆರಾಮಾಗಿ ಓಡಾಡುತ್ತಾಳೆ. ಲೇಖಕಿ ಮರೆತುಬಿಟ್ಟರೇ? — ಪುತ್ತೂರಿನ ಓದುಗರು

ಉ: ಮರೆತಿಲ್ಲ. ಇಡೀ ಸರಣಿ ನಿಂತಿರುವುದೇ ಈ ಭೇದದ ಮೇಲೆ. ಇಲ್ಲಿ ವ್ಯಾಂಪೈರ್‌ಗಳಲ್ಲಿ ಬದುಕಿರುವವರು, ಸತ್ತವರು ಎಂದು ಎರಡು ಬಗೆ. ಬದುಕಿರುವವರಲ್ಲಿ ವ್ಯಾಂಪೈರ್ ಮಾಡುವ ವೈರಸ್ ಹುಟ್ಟಿನಿಂದಲೇ ಇದೆ, ಆತ್ಮವೂ ಇದೆ. ಬಿಸಿಲು ಇವರನ್ನು ಸುಡುವುದಿಲ್ಲ. ರಕ್ತದ ಚಪಲ ಕಾಡುತ್ತದೆ, ಆದರೆ ರಕ್ತವಿಲ್ಲದೆಯೂ ಜೀವ ಹೋಗದು. ಸತ್ತು ಎದ್ದವರ ಕಥೆ ಬೇರೆ: ಆತ್ಮ ಹೋಗಿದೆ, ಬಿಸಿಲಿಗೆ ಬಂದರೆ ಉಳಿಗಾಲವಿಲ್ಲ, ರಕ್ತ ಬೇಕೇ ಬೇಕು. ಐವಿ ಬದುಕಿರುವವಳು, ಅದೂ ರಕ್ತ ಕುಡಿಯುವುದನ್ನು ಬಿಡಲು ಹೆಣಗುತ್ತಿರುವವಳು. ಸತ್ತರೆ ತಾನು ಏನಾಗುತ್ತೇನೆ ಎಂಬ ಭಯ ಅವಳ ಪ್ರತಿ ನಡೆಯ ಹಿಂದೆಯೂ ಇದೆ. ಇದನ್ನು ತಲೆಯಲ್ಲಿಟ್ಟುಕೊಂಡು ಮತ್ತೆ ಓದಿದರೆ ಅವಳ ಸಿಡುಕು ಸಿಡುಕಾಗಿ ಕಾಣುವುದಿಲ್ಲ.

ಓದುವಾಗ ಅವಳ ಕಣ್ಣಿನ ವರ್ಣನೆಯ ಮೇಲೆ ನಿಗಾ ಇಡಿ. ಕಣ್ಣಿನ ಪಾಪೆ ಹಿಗ್ಗಿ ಕಪ್ಪು ಹರಡುತ್ತಿದೆ ಎಂದರೆ ಹಸಿವು ಕೆರಳಿದೆ ಎಂದರ್ಥ. ಲೇಖಕಿ ಬಾಯಿಬಿಟ್ಟು ‘ಅಪಾಯ’ ಅನ್ನುವುದಿಲ್ಲ, ಕಣ್ಣು ತೋರಿಸಿ ಸುಮ್ಮನಾಗುತ್ತಾರೆ. ವಾಸನೆಯೂ ಹಾಗೆಯೇ. ಇಬ್ಬರೂ ಒಂದೇ ಮನೆಯಲ್ಲಿರುವಾಗ ರೇಚಲ್‌ಳ ಮೈವಾಸನೆ ಐವಿಯ ವಾಸನೆಯೊಂದಿಗೆ ಬೆರೆಯಬಾರದು, ಬೆರೆತರೆ ಐವಿಯ ಹಿಡಿತ ಸಡಿಲವಾಗುತ್ತದೆ. ಬಟ್ಟೆ ಒಗೆಯುವ ಮಾತು ಬಂದಾಗ ಪುಟ ಹಾರಿಸಬೇಡಿ.

ಪ್ರ: ನೂರು ಪುಟ ಓದಿ ನಿಲ್ಲಿಸಿದೆ. ಟೊಮೆಟೊ, ಉಪ್ಪುನೀರು, ಮರದ ಬಿಲ್ಲೆ... ಒಂದೂ ತಲೆಗೆ ಹತ್ತುತ್ತಿಲ್ಲ. — ಬೆಂಗಳೂರಿನ ಓದುಗರು

ಉ: ನಿಲ್ಲಿಸಬೇಡಿ, ನೀವು ಹೆಸರಿಸಿದ ಮೂರೂ ವಿಷಯಗಳಲ್ಲೇ ದಾರಿಯಿದೆ.

ಟೊಮೆಟೊ ಈ ಲೋಕದ ಇತಿಹಾಸ. ಕುಲಾಂತರಿ ಟೊಮೆಟೊಗೆ ಪ್ರಯೋಗಾಲಯದ ವೈರಸ್ಸೊಂದು ಅಂಟಿಕೊಂಡು 1966ರಲ್ಲಿ ಅಪಾರ ಸಂಖ್ಯೆಯ ಮನುಷ್ಯರು ಸಾಯುತ್ತಾರೆ. ಅಲ್ಲಿಯವರೆಗೆ ಮನುಷ್ಯರ ನಡುವೆ ಅಡಗಿ ಬದುಕಿದ್ದ ವಿಚ್‌ಗಳು, ವ್ಯಾಂಪೈರ್‌ಗಳು, ತೋಳಮಾನವರು ಆಗ ಹೊರಬರುತ್ತಾರೆ. ಆ ಘಟನೆಯೇ ‘ಟರ್ನ್’. ಪಾತ್ರಗಳು ಬೈಯುವಾಗಲೂ ಅದೇ ಪದ ಬರುತ್ತದೆ. ಮನುಷ್ಯರು ಇಂದಿಗೂ ಟೊಮೆಟೊ ಮುಟ್ಟುವುದಿಲ್ಲ. ಹಾಗಾಗಿ ಯಾರ ತಟ್ಟೆಯಲ್ಲಿ ಟೊಮೆಟೊ ಇದೆ ಎಂದು ನೋಡಿದರೆ ಅವರು ಯಾರೆಂಬ ಸುಳಿವು ಸಿಗುತ್ತದೆ.

ಇನ್ನು ಮಾಟ. ರೇಚಲ್ ಮೊದಲಿಗೆ ನೆಚ್ಚುವುದು ಮಣ್ಣಿನ ಮಾಟವನ್ನು. ಇದು ನಮ್ಮ ಕಷಾಯದ ಹಾಗೆ ಅಡುಗೆಮನೆಯ ಕೆಲಸ: ತಾಮ್ರದ ಪಾತ್ರೆಯಲ್ಲಿ ಗಿಡಮೂಲಿಕೆ ಕುದಿಸಿ, ಪಿಂಗಾಣಿ ಚಮಚದಿಂದ ಕಲಕಿ, ರೆಡ್‌ವುಡ್ ಮರದ ಬಿಲ್ಲೆಗೆ ಇಳಿಸಬೇಕು. ಬೆರಳು ಚುಚ್ಚಿ ಮೂರು ಹನಿ ರಕ್ತ ಬಿಟ್ಟಾಗ ಮಾಟ ಜೀವ ತಳೆಯುತ್ತದೆ. ವಿಚ್ ರಕ್ತದಲ್ಲಿರುವ ಕಿಣ್ವಗಳೇ ಇದಕ್ಕೆ ಕಾರಣ. ಮನುಷ್ಯ ಅದೇ ಪಾಕವನ್ನು ಚಾಚೂ ತಪ್ಪದೆ ಮಾಡಿದರೂ ಫಲವಿಲ್ಲ. ಅಂದರೆ ಇಲ್ಲಿ ವಿಚ್ ಎನ್ನುವುದು ಹುಟ್ಟಿನಿಂದ ಬಂದ ಜೀವಜಾತಿ, ಕಲಿತ ವಿದ್ಯೆಯಷ್ಟೇ ಅಲ್ಲ. ಗಂಡಸರೂ ವಿಚ್‌ಗಳೇ. ‘ಮಾಟಗಾತಿ’ ಎಂದು ಮನಸ್ಸಿನಲ್ಲೇ ಅನುವಾದಿಸಿಕೊಂಡು ಓದುವವರು ಎಡವುವುದು ಇಲ್ಲೇ. ಕಟ್ಟಿದ ಮಾಟ ಮುರಿಯಲು ಉಪ್ಪುನೀರು ಬೇಕು. ಅವಳಿರುವ ಹಳೆ ಚರ್ಚಿನ ಅಡುಗೆಮನೆಯಲ್ಲಿ ಎರಡು ಒಲೆಗಳಿವೆ, ಒಂದು ಊಟಕ್ಕೆ, ಒಂದು ಮಾಟಕ್ಕೆ.

ಎರಡನೆಯದು ಲೇ ಲೈನ್ ಮಾಟ: ಹರಿಯುವ ಶಕ್ತಿಯ ಗೆರೆಯಿಂದ ಬಲ ಸೆಳೆದುಕೊಳ್ಳುವುದು, ವೃತ್ತ ಬರೆದು ಒಳಗೆ ನಿಲ್ಲುವುದು. ಇದು ವೇಗ ಹೆಚ್ಚು, ಅಪಾಯವೂ ಹೆಚ್ಚು. ಯಾವ ದೃಶ್ಯದಲ್ಲಿ ಯಾವ ಮಾಟ ನಡೆಯುತ್ತಿದೆ ಎಂದು ಗುರುತಿಸಲು ಬಂದರೆ ಹೊಡೆದಾಟದ ಪುಟಗಳು ಸಲೀಸಾಗಿ ಸಾಗುತ್ತವೆ. ರೇಚಲ್‌ಳ ರಕ್ತದ ಬಗ್ಗೆ ಬರುವ ಸಾಲುಗಳಿಗೆ ಪೆನ್ಸಿಲ್ ಗುರುತು ಹಾಕಿಡಿ, ಮುಂದೆ ಬೇಕಾಗುತ್ತವೆ.

ಊರಿನ ನಕ್ಷೆಯೂ ಜೊತೆಗಿರಲಿ. ಒಹಾಯೊ ನದಿಯ ಈ ದಡಕ್ಕೆ ಸಿನ್ಸಿನಾಟಿ, ಆ ದಡಕ್ಕೆ ಹಾಲೋಸ್. ಸಿನ್ಸಿನಾಟಿ ನಿಜವಾದ ಊರು. ನದಿಗೆ ಅಡ್ಡಲಾಗಿರುವ ರೋಬ್ಲಿಂಗ್ ತೂಗುಸೇತುವೆಯೂ ನಿಜ, 19ನೇ ಶತಮಾನದ್ದು. ಸೇತುವೆ ದಾಟಿದಾಗಲೆಲ್ಲ ಮನುಷ್ಯರ ಬಡಾವಣೆಯಿಂದ ಇತರರ ಬಡಾವಣೆಗೆ ಬಂದಿರೆಂದು ತಿಳಿಯಿರಿ.

ಪ್ರ: ಏಳನೇ ತರಗತಿಯ ಮಗಳು ಕೇಳುತ್ತಿದ್ದಾಳೆ. ಕೊಡಬಹುದೇ? — ಧಾರವಾಡದ ಓದುಗರು

ಉ: ಈಗ ಬೇಡ. ಬರೆದಿರುವುದು ದೊಡ್ಡವರಿಗಾಗಿ. ವ್ಯಾಂಪೈರ್ ಕಚ್ಚುವುದನ್ನು ಕಾಮದ ಜೊತೆ ಹೆಣೆದಿದ್ದಾರೆ, ಹಿಂಸೆಯೂ ಇದೆ. ಪಿಯುಸಿ ಮುಗಿಯಲಿ. ಅಲ್ಲಿಯವರೆಗೆ ಅವಳ ಕುತೂಹಲ ತಣಿಯಬಾರದು ಎಂದಿದ್ದರೆ ನಾಲ್ಕು ಇಂಚಿನ ಪಿಕ್ಸಿ (ರೆಕ್ಕೆಯ ಪುಟ್ಟ ಕಿನ್ನರ) ಜೆಂಕ್ಸ್ ತನ್ನ ದೊಡ್ಡ ಸಂಸಾರದೊಂದಿಗೆ ಚರ್ಚಿನ ತೋಟದಲ್ಲಿರುವ ಭಾಗಗಳನ್ನು ನೀವೇ ಆರಿಸಿ ಓದಿ ಹೇಳಿ.