ಬಳ್ಳೊಳ್ಳಿ: ಬಾಟಲಿದೋ, ಒಳ್ಳಿನದೋ?

ಈ ಸಲದ ಅಡುಗೆಮನೆ ಪತ್ರಗಳಲ್ಲಿ ಹೆಚ್ಚಿನವು ಬಳ್ಳೊಳ್ಳಿಯ ಮೇಲೇ ಇದ್ದವು. ಅವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಗಂಡ ಹೆಂಡತಿ ಇಬ್ಬರೂ ಕೆಲಸಕ್ಕ ಹೋಗತೀವ್ರಿ. ಮುಂಜಾನೆ ಬಳ್ಳೊಳ್ಳಿ ಸುಲಕೋತ ಕೂಡಲಿಕ್ಕೆ ಹೊತ್ತಿಲ್ಲ. ಅಂಗಡಿಯ ಹಸಿಶುಂಠಿ-ಬಳ್ಳೊಳ್ಳಿ ಪೇಸ್ಟ್ ಹಾಕಿದ್ರ ನಮ್ಮ ಅತ್ತಿಯವರು "ಚಟ್ನಿ ಹುಳಿ ವಾಸನಿ ಹೊಡೀತದ" ಅಂತಾರ. ಖರೇನ ಫರಕ್ ಅದನೋ, ಬರೇ ಭ್ರಮೆನೋ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅತ್ತೆಯವರ ಮೂಗು ಸುಳ್ಳು ಹೇಳಿಲ್ಲ. ಬಾಟಲಿಯ ಹಿಂದಿನ ಚೀಟಿ ಓದಿ. ಹಸಿಶುಂಠಿ, ಬಳ್ಳೊಳ್ಳಿ, ಉಪ್ಪು, ನೀರು, ಆಮೇಲೆ ಐಎನ್‌ಎಸ್ (ಆಹಾರಕ್ಕೆ ಬೆರೆಸುವ ವಸ್ತುಗಳನ್ನು ಗುರುತಿಸುವ ಸಂಖ್ಯೆ) 260 ಅಥವಾ 330, 415, 211 ಎಂಬ ಅಂಕಿಗಳು ಸಾಮಾನ್ಯವಾಗಿ ಇರುತ್ತವೆ. 260 ಅಂದರೆ ವಿನೆಗರಿನಲ್ಲಿರುವ ಆಮ್ಲ, 330 ನಿಂಬೆಹಣ್ಣಿನಲ್ಲಿರುವ ಆಮ್ಲ, 415 ಪೇಸ್ಟು ನೀರೊಡೆಯದಂತೆ ಹಿಡಿದಿಡುವ ಗೋಂದು, 211 ಕೆಡದಂತೆ ಕಾಯುವ ಸೋಡಿಯಂ ಬೆಂಜೊಯೇಟ್. ಹುಳಿ ವಾಸನೆ ಮೊದಲೆರಡರದು. ಆಮ್ಲ ಹಾಕಿದ್ದು ಮೋಸವಲ್ಲ. ಅದಿಲ್ಲದೆ ಆ ಬಾಟಲಿ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಲ್ಲುವುದಿಲ್ಲ.

ಘಾಟು ಸಾಲದಿರುವುದಕ್ಕೆ ಕಾರಣ ಬೇರೆ. ಇಡೀ ಎಸಳನ್ನು ಮೂಸಿದರೆ ಅಷ್ಟೇನೂ ವಾಸನೆ ಇರುವುದಿಲ್ಲ. ಒಳಗೆ ಆಲಿಯಿನ್ ಎಂಬ ಗಂಧಕದ ಅಂಶ ಒಂದು ಕಡೆ, ಆಲಿನೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಜಜ್ಜಿದಾಗ ಎರಡೂ ಬೆರೆತು ಆಲಿಸಿನ್ ಹುಟ್ಟುತ್ತದೆ. ಮೂಗಿಗೆ ಬಡಿಯುವ ಘಾಟು ಅದರದೇ. ಅದು ಬಹಳ ದಿನ ಬಾಳುವ ವಸ್ತುವಲ್ಲ, ಒಡೆದು ಬೇರೆ ಬೇರೆ ಅಂಶಗಳಾಗುತ್ತದೆ. ಬಿಸಿಯೋ ಗಟ್ಟಿ ಆಮ್ಲವೋ ತಾಗಿದ ಕಿಣ್ವವೂ ಮತ್ತೆ ಕೆಲಸ ಮಾಡುವುದಿಲ್ಲ. ಹಾಗಾಗಿ ಬಾಟಲಿಯ ಬಳ್ಳೊಳ್ಳಿಯ ಘಾಟು ಮನೆಗೆ ಬರುವ ಮೊದಲೇ ಖರ್ಚಾಗಿರುತ್ತದೆ. ಮನೆಯಲ್ಲಿಯೂ ಇದೇ ಲೆಕ್ಕ: ಇಡೀ ಎಸಳನ್ನು ಬೇಯಿಸಿದರೆ ಸಿಹಿ ಸಿಹಿ, ಹೆಚ್ಚಿದರೆ ಸಾಧಾರಣ, ಒಳ್ಳಿನಲ್ಲಿ ಕುಟ್ಟಿದರೆ ಖಡಕ್ಕು. ಕುಟ್ಟಿದ್ದನ್ನು ಒಂದೆರಡು ನಿಮಿಷ ಬಿಟ್ಟು ಎಣ್ಣೆಗೆ ಹಾಕಿದರೆ ವಾಸನೆ ಇನ್ನೂ ನಿಲ್ಲುತ್ತದೆ.

ಹಾಗಂತ ಬಾಟಲಿಯನ್ನು ಎಸೆಯಬೇಕಿಲ್ಲ. ಪಲಾವು, ಕುರ್ಮಾ, ಕೋಳಿ ಸಾರು, ಅರೆದ ಮಸಾಲೆಯ ಎಣ್ಣೆಗಾಯಿ ಬದನೆಕಾಯಿ, ಇಂಥ ಬಹಳ ಹೊತ್ತು ಕುದಿಯುವ ಅಡುಗೆಯಲ್ಲಿ ತಾಜಾ ಬಳ್ಳೊಳ್ಳಿಯ ಘಾಟೂ ಹೇಗೂ ಹಾರಿಹೋಗುತ್ತದೆ. ಅಲ್ಲಿ ಪೇಸ್ಟ್ ಸಾಕು. ಹಸಿಯಾಗಿ ತಿನ್ನುವ ಖಾರ, ಚಟ್ನಿಗಳಿಗೆ ಬೇಡ. ಗಿರ್ಮಿಟ್ಟಿನ ಒಗ್ಗರಣೆಗೂ ಪುಂಡಿಪಲ್ಯದ ಮೇಲಿನ ಒಗ್ಗರಣೆಗೂ ಬೇಡವೇ ಬೇಡ. ಪೇಸ್ಟಿನಲ್ಲಿ ನೀರಿರುತ್ತದೆ. ಕಾದ ಎಣ್ಣೆಗೆ ಬಿದ್ದರೆ ಮೊದಲು ಸಿಡಿಯುತ್ತದೆ, ನೀರು ಆರಿದ ಮೇಲೆ ತಳ ಹಿಡಿದು ಕಹಿಯಾಗುತ್ತದೆ. ಹೊಂಬಣ್ಣದ ಗರಿಗರಿ ಚೂರು ಅದರಿಂದ ಆಗದು. ಪೇಸ್ಟ್ ಹಾಕುವುದಾದರೆ ಉಳ್ಳಾಗಡ್ಡಿ ಕೆಂಪಗಾದ ಮೇಲೆ ಉರಿ ಸಣ್ಣ ಮಾಡಿ ಹಾಕಿ, ಎರಡು ಮೂರು ನಿಮಿಷ ಕೈಯಾಡಿಸಿ. ಹಸಿವಾಸನೆ ಹೋಗಿ ಎಣ್ಣೆ ಬಿಡಬೇಕು.

ಅಳತೆಯಲ್ಲೂ ಎಡವುವವರಿದ್ದಾರೆ. ಟೀ ಚಮಚ ಪೇಸ್ಟ್ ಸುಮಾರು 5 ಗ್ರಾಂ ತೂಗುತ್ತದೆ. ಶುಂಠಿ, ಉಪ್ಪು, ನೀರು ಕಳೆದರೆ ಬಳ್ಳೊಳ್ಳಿ ಉಳಿಯುವುದು ಬಹಳ ಅಂದರೆ ಅರ್ಧ. ಚೀಟಿಯಲ್ಲಿ ಯಾವುದರ ತೂಕ ಹೆಚ್ಚೋ ಅದರ ಹೆಸರು ಮೊದಲು ಇರುತ್ತದೆ. ನೀರು ಮುಂದೆ ಇದ್ದರೆ ಬಿಟ್ಟುಬಿಡಿ. ಪೇಸ್ಟ್ ಹಾಕಿದ ದಿನ ಅಡುಗೆಯ ಉಪ್ಪನ್ನು ಕೊನೆಗೆ, ರುಚಿ ನೋಡಿ ಹಾಕುವುದು ಕ್ಷೇಮ.

ಪ್ರಶ್ನೆ: ರವಿವಾರ ಒಮ್ಮೆಲೇ ಬಳ್ಳೊಳ್ಳಿ ಸುಲಿದು, ರುಬ್ಬಿ, ಮುಳುಗುವಷ್ಟು ಎಣ್ಣೆ ಹಾಕಿ ಬಾಟಲಿಯಲ್ಲಿ ಒಲೆ ಹತ್ತಿರ ಇಡುತ್ತೇನೆ. ತಿಂಗಳಾದರೂ ಬೂಸು ಬಂದಿಲ್ಲ. ಅಂಗಡಿಯದಕ್ಕಿಂತ ಇದೇ ಒಳ್ಳೆಯದಲ್ಲವೇ?
— ರಾಣೆಬೆನ್ನೂರು

ಉತ್ತರ: ಇದನ್ನು ಇವತ್ತೇ ನಿಲ್ಲಿಸಿ, ಇರುವ ಬಾಟಲಿಯನ್ನು ಚೆಲ್ಲಿ. ಬಂದ ಪತ್ರಗಳಲ್ಲಿ ನಿಜವಾದ ಅಪಾಯ ಇರುವುದು ಇದೊಂದರಲ್ಲೇ.

ಬೂಸಿಗೆ ಗಾಳಿ ಬೇಕು, ಎಣ್ಣೆಯಡಿ ಗಾಳಿ ಇಲ್ಲ. ಅದಕ್ಕೇ ಬಂದಿಲ್ಲ. ಆದರೆ ಕ್ಲೊಸ್ಟ್ರಿಡಿಯಂ ಬಾಟುಲಿನಂ ಎಂಬ ಸೂಕ್ಷ್ಮಜೀವಿಗೆ ಬೇಕಾಗಿರುವುದೇ ಗಾಳಿಯಿಲ್ಲದ ಜಾಗ. ಅದರ ಬೀಜಕಣಗಳು ಮಣ್ಣಿನಲ್ಲಿರುತ್ತವೆ, ಬಳ್ಳೊಳ್ಳಿ ಬೆಳೆಯುವುದೂ ಮಣ್ಣಿನೊಳಗೇ. ನೀರು ಕುದಿಯುವ ಬಿಸಿಗೆ ಬೀಜಕಣ ಸಾಯುವುದಿಲ್ಲ. ಬಳ್ಳೊಳ್ಳಿಯಲ್ಲಿ ಹುಳಿ ಕಡಿಮೆ, ಮೇಲೆ ಎಣ್ಣೆಯ ಮುಚ್ಚಳ, ಒಲೆಯ ಪಕ್ಕದ ಬೆಚ್ಚಗಿನ ಜಾಗ: ಅದು ಬೆಳೆದು ವಿಷ ಬಿಡಲು ಇಷ್ಟೇ ಸಾಕು. ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ತಂಪಿನಲ್ಲಿಡದ, ಎಣ್ಣೆಯಲ್ಲಿದ್ದ ಹೆಚ್ಚಿದ ಬಳ್ಳೊಳ್ಳಿಯಿಂದ 36 ಮಂದಿ ಕಾಯಿಲೆ ಬಿದ್ದರು. 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿಯೂ ಇಂಥದೇ ಆದ ಮೇಲೆ, ಎಣ್ಣೆಯಲ್ಲಿಟ್ಟ ಬಳ್ಳೊಳ್ಳಿಗೆ ಆಮ್ಲ ಸೇರಿಸಲೇಬೇಕೆಂದು ಅಮೆರಿಕದ ಆಹಾರ ಇಲಾಖೆ ಹೇಳಿತು. ಮೇಲಿನ ಪತ್ರದ ಅತ್ತೆಯವರಿಗೆ ಹಿಡಿಸದ ಹುಳಿ ಮಾಡುವ ಕೆಲಸ ಇದೇ. ಅಂಥದನ್ನು ತಿಂದವರಿಗೆ ರೆಪ್ಪೆ ಇಳಿಬಿದ್ದರೆ, ಒಂದು ಎರಡಾಗಿ ಕಂಡರೆ, ನುಂಗಲು ಕಷ್ಟವಾದರೆ ಮನೆಮದ್ದು ಮಾಡುತ್ತ ಕೂಡದೆ ಆಸ್ಪತ್ರೆಗೆ ಓಡಬೇಕು.

ರವಿವಾರದ ಶ್ರಮ ವ್ಯರ್ಥವಾಗಬೇಕಿಲ್ಲ. ಸುಲಿದ ಬಳ್ಳೊಳ್ಳಿ 250 ಗ್ರಾಂ, ಎಣ್ಣೆ 2 ದೊಡ್ಡ ಚಮಚ, ನೀರು ಹನಿಯೂ ಬೇಡ. ರುಬ್ಬಿದ ಕೂಡಲೇ ಜಿಪ್ ಚೀಲಕ್ಕೆ ಹಾಕಿ ಹಪ್ಪಳದಷ್ಟು ತೆಳ್ಳಗೆ ತಟ್ಟಿ, ಚಾಕುವಿನ ಬೆನ್ನಿನಿಂದ ಶಂಕರಪೋಳಿಯ ಹಾಗೆ ಗೆರೆ ಒತ್ತಿ, ಫ್ರೀಜರಿನಲ್ಲಿಡಿ. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಲ್ಲ, ಬರ್ಫ ಕಟ್ಟುವ ಖಾನೆಯಲ್ಲಿ. ಬೇಕಾದಾಗ ಒಂದು ಚೌಕ ಮುರಿದು ನೇರ ಬಾಣಲೆಗೆ ಹಾಕಿ, ಉಳಿದುದನ್ನು ಕರಗಲು ಬಿಡಬೇಡಿ. ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಚೀಲವನ್ನು ಸ್ಟೀಲ್ ಡಬ್ಬಿಯೊಳಗಿಡದಿದ್ದರೆ ಐಸ್‌ಕ್ರೀಮಿಗೂ ಬಳ್ಳೊಳ್ಳಿ ವಾಸನೆ ಹತ್ತುತ್ತದೆ. ದಿನವಿಡೀ ಕರೆಂಟು ಹೋಗಿ ಪೂರ್ತಿ ಕರಗಿ ಬೆಚ್ಚಗಾಗಿದ್ದರೆ ಚೆಲ್ಲಿಬಿಡಿ. ಫ್ರೀಜರ್ ಇಲ್ಲದವರು ರುಬ್ಬಿದ್ದನ್ನು ಫ್ರಿಜ್ಜಿನಲ್ಲಿಟ್ಟು 4 ದಿನದೊಳಗೆ ಮುಗಿಸಬೇಕು.

ಪ್ರಶ್ನೆ: ಬಳ್ಳೊಳ್ಳಿಗೆ ನಿಂಬೆರಸ ಹಾಕಿ ರುಬ್ಬಿದರೆ ಮರುದಿನ ಹಸಿರಾಗಿತ್ತು. ವಿಷವೇ?
— ಲಕ್ಷ್ಮೇಶ್ವರ

ಉತ್ತರ: ಅಲ್ಲ. ಹುಳಿ ತಾಗಿದಾಗ ಬಳ್ಳೊಳ್ಳಿಯ ಗಂಧಕದ ಅಂಶಗಳು ಅಮೈನೊ ಆಮ್ಲಗಳ ಜೊತೆ ಸೇರಿ ಹಸಿರು-ನೀಲಿ ಬಣ್ಣ ಕಟ್ಟುತ್ತವೆ. ತಂಪಿನಲ್ಲಿಟ್ಟ ಗಡ್ಡೆಯಲ್ಲಿ ಇದು ಹೆಚ್ಚು. ಚೀನಾದವರು ವಿನೆಗರಿನಲ್ಲಿ ಹಾಕಿ ಬೇಕಂತಲೇ ಹೀಗೆ ಹಸಿರು ಮಾಡಿ ತಿನ್ನುತ್ತಾರೆ. ಮೇಲೆ ಕೂದಲಿನಂಥ ಬೂಸು ಕಂಡರೆ, ಮುಚ್ಚಳ ಉಬ್ಬಿದ್ದರೆ ಎಸೆಯಿರಿ.

ಪ್ರಶ್ನೆ: ಕೆಂಪು ಖಾರಕ್ಕೆ ಬಾಟಲಿಯ ಪೇಸ್ಟ್ ಹಾಕಿದೆ, ಸಪ್ಪಗಾಯಿತು. ಮೆಣಸಿನಕಾಯಿ ನಮ್ಮೂರಿನದೇ, ಅದರಲ್ಲೇನೂ ದೋಷವಿಲ್ಲ.
— ಬ್ಯಾಡಗಿ

ಉತ್ತರ: ದೋಷವಿಲ್ಲ ಸರಿ, ಆದರೆ ಕಾರಣದ ಅರ್ಧ ಅಲ್ಲೇ ಇದೆ. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿರುವುದು ಬಣ್ಣಕ್ಕೆ, ಅದರ ಖಾರ ಕಡಿಮೆ. ಈ ಚಟ್ನಿಯಲ್ಲಿ ನಾಲಿಗೆ ಚುರುಗುಟ್ಟಿಸುವ ಕೆಲಸದಲ್ಲಿ ದೊಡ್ಡ ಪಾಲು ಹಸಿ ಬಳ್ಳೊಳ್ಳಿಯದು. ಅದನ್ನು ತೆಗೆದು ಪೇಸ್ಟ್ ಹಾಕಿದರೆ ಬಣ್ಣ ಉಳಿಯುತ್ತದೆ, ಜೀವ ಹೋಗುತ್ತದೆ.

ತೊಟ್ಟು ತೆಗೆದ ಮೆಣಸಿನಕಾಯಿ 100 ಗ್ರಾಂ, ಬೆಚ್ಚಗಿನ ನೀರಿನಲ್ಲಿ ಅರ್ಧ ತಾಸು ನೆನೆಸಿ ಹಿಂಡಿ ತೆಗೆಯಿರಿ. ಸುಲಿದ ಬಳ್ಳೊಳ್ಳಿ 60 ಗ್ರಾಂ, ಉಪ್ಪು 25 ಗ್ರಾಂ, ಜೀರಿಗೆ ಒಂದು ಚಮಚ, ಲಿಂಬೆಕಾಯಿಯಷ್ಟಲ್ಲ, ಅಡಿಕೆಯಷ್ಟು ಬೆಲ್ಲ, ಮೂರು ನಿಂಬೆಹಣ್ಣಿನ ರಸ. ಮೊದಲು ಮೆಣಸಿನಕಾಯಿ, ಉಪ್ಪು, ರಸ ನುಣ್ಣಗಾಗಲಿ; ಬಳ್ಳೊಳ್ಳಿಯನ್ನು ಕೊನೆಗೆ ಹಾಕಿ ಎರಡು ಸುತ್ತು ಮಾತ್ರ ತಿರುಗಿಸಿ, ಅರೆಬರೆ ತರಿ ಉಳಿಯಬೇಕು. ನೀರು ಸೇರಿಸಿದರೆ ಬೇಗ ಹಳಸುತ್ತದೆ. ಫ್ರಿಜ್ಜಿನಲ್ಲಿಟ್ಟು ಒಣ ಚಮಚ ಬಳಸಿ. ಹೊರಗೆ ಎಣ್ಣೆ ಸುರಿದು ಇಡುವುದು ಇದಕ್ಕೂ ಬೇಡ.

ಪ್ರಶ್ನೆ: ಶೇಂಗಾ ಚಟ್ನಿ ಪುಡಿ ಹಾಸ್ಟೆಲ್ಲಿಗೆ ಕಳಿಸಬೇಕು. ತಾಜಾ ಬಳ್ಳೊಳ್ಳಿ ಹಾಕಿದರೆ ಹದಿನೈದು ದಿನಕ್ಕೆ ಮುದ್ದೆಗಟ್ಟುತ್ತದೆ. ಒಣ ಬಳ್ಳೊಳ್ಳಿ ಪುಡಿ ಹಾಕಬಹುದೇ?
— ಸಪ್ತಾಪುರ, ಧಾರವಾಡ

ಉತ್ತರ: ಹಾಕಬಹುದು, ಇದು ಪುಡಿಗೆ ತಕ್ಕ ಜಾಗ. ತಾಜಾ ಎಸಳಿನಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಆ ಪಸೆಯೇ ಚಟ್ನಿಯನ್ನು ಮುದ್ದೆ ಮಾಡುವುದು. ಹುರಿದ ಶೇಂಗಾ 250 ಗ್ರಾಮಿಗೆ ಪುಡಿ ಒಂದೂವರೆ ಟೀ ಚಮಚ ಸಾಕು. ಎಂಟನೇ ಒಂದು ಚಮಚ ಪುಡಿ ಸುಮಾರು ಒಂದು ಎಸಳಿಗೆ ಸಮ. ಶೇಂಗಾ ಪೂರ್ತಿ ಆರಿದ ಮೇಲೆ ಖಾರದಪುಡಿಯ ಜೊತೆ ಸೇರಿಸಿ. ಕಾದ ಎಣ್ಣೆಗೆ ಪುಡಿ ಹಾಕಿದರೆ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಸೀಯುತ್ತದೆ. ಆದರೆ ಪುಡಿಯ ರುಚಿ ತಾಜಾದಂತಲ್ಲ, ಸ್ವಲ್ಪ ಹುರಿದ ಉಳ್ಳಾಗಡ್ಡಿಯ ಕಡೆ ವಾಲುತ್ತದೆ. ನಮ್ಮ ಆಯ್ಕೆ ಬೇರೆ: 15 ಎಸಳನ್ನು ತೆಳ್ಳಗೆ ಹೆಚ್ಚಿ ಎರಡು ದಿನ ಖಡಕ್ ಬಿಸಿಲಿನಲ್ಲಿ ಒಣಗಿಸಿ. ಮುರಿದರೆ ಟಕ್ಕನೆ ಸದ್ದಾಗಬೇಕು, ಬಾಗಿದರೆ ಇನ್ನೂ ಪಸೆ ಇದೆ. ಆಮೇಲೆ ಕುಟ್ಟಿ. ಮನೆಯಲ್ಲಿ ವಾರದೊಳಗೆ ಮುಗಿಯುವ ಚಟ್ನಿಗೆ ಈ ತಾಪತ್ರಯ ಏಕೆ, ಹಸಿ ಎಸಳೇ ಹಾಕಿ.

ಪ್ರಶ್ನೆ: ಸಂತೆಯಲ್ಲಿ ಸುಲಿದ ಬಳ್ಳೊಳ್ಳಿ ಸಿಗುತ್ತದೆ. ಕೊಳ್ಳಬಹುದೇ? ಜವಾರಿ ಬಳ್ಳೊಳ್ಳಿ ಸುಲಿಯುವುದರಲ್ಲಿ ಉಗುರು ಸವೆಯುತ್ತದೆ.
— ಗದಗ

ಉತ್ತರ: ಬಾಟಲಿಗಿಂತ ಎಷ್ಟೋ ಮೇಲು, ಏಕೆಂದರೆ ಎಸಳು ಇಡಿಯಾಗಿರುತ್ತದೆ. ಬಿಗಿ ಪ್ಲಾಸ್ಟಿಕ್ ಚೀಲದಲ್ಲಿ ಬೆವರಿದ್ದು, ಕೈಗೆ ಲೋಳೆ ಹತ್ತುವುದು, ಗಾಜಿನಂತೆ ಹಳದಿಯಾದದ್ದು ಬೇಡ. ತಂದದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ. ಮನೆಯಲ್ಲೇ ಸುಲಿಯುವುದಾದರೆ ಬುಡ ಕತ್ತರಿಸಿ ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಸಿಪ್ಪೆ ಜಾರುತ್ತದೆ. ಒಣಗಿದ್ದು ಬೇಕಾದರೆ ಬಿಡಿಸಿದ ಎಸಳಿಗೆ ಎಣ್ಣೆ ಸವರಿ ತಾಸೆರಡು ತಾಸು ಬಿಸಿಲಿಗಿಟ್ಟು ಮೊರದಲ್ಲಿ ಉಜ್ಜಿ ಕೇರಿ. ಇಡೀ ಗಡ್ಡೆಯನ್ನು ಮಾತ್ರ ಫ್ರಿಜ್ಜಿಗೆ ಹಾಕಬೇಡಿ, ತಂಪಿಗೆ ಮೊಳಕೆ ಬರುತ್ತದೆ. ಗಾಳಿಯಾಡುವ ಬುಟ್ಟಿ ಸಾಕು. ಮೊಳಕೆ ಬಂದದ್ದು ವಿಷವಲ್ಲ. ನಡುವಿನ ಹಸಿರು ಕುಡಿ ಸ್ವಲ್ಪ ಕಹಿ, ಹಸಿ ಚಟ್ನಿಗೆ ಅದನ್ನು ಕಿತ್ತು ಹಾಕಿ, ಸಾರಿಗಾದರೆ ಹಾಗೇ ಇರಲಿ.